ಹಿಲರಿ ಪೊರ್ಬುಗಳ ಕಿವಿ

ಯಾರ ಮನೆಗೆ ಹೋದರೂ ಹಿಲರಿ ಪೊರ್ಬುಗಳು ಹೊಸ್ತಿಲು ದಾಟಿದ ಕೂಡಲೇ ಒಂದು ಚಪ್ಪಾಳೆ ತಟ್ಟುತ್ತಿದ್ದರು. ಒಂದೇ ಒಂದು, ಗಟ್ಟಿಯಾಗಿ. ಆಮೇಲೆ ಕುತ್ತಿಗೆಯನ್ನು ಸ್ವಲ್ಪ ಓರೆ ಮಾಡಿ, ಗೋಡೆಗಳು ಏನು ಉತ್ತರ ಕೊಡುತ್ತವೆಂದು ಕೇಳಿಸಿಕೊಂಡು, ಅನಂತರ ಮನೆಯವರಿಗೆ ನಮಸ್ಕಾರ ಹೇಳುತ್ತಿದ್ದರು. ಪರಿಚಯವಿದ್ದವರು ನಗುತ್ತಿದ್ದರು. ಇಲ್ಲದವರು ಸೊಳ್ಳೆ ಹೊಡೆದರೆಂದು ತಿಳಿಯುತ್ತಿದ್ದರು. ಉಡುಪಿಯ ಒಂದು ಮದುವೆ ಹಾಲ್‌ನಲ್ಲಿ ಅವರು ಹೀಗೆ ಚಪ್ಪಾಳೆ ತಟ್ಟಿದ್ದೇ ತಡ, ಹಿಂದಿನ ಸಾಲಿನಲ್ಲಿ ತೂಕಡಿಸುತ್ತಿದ್ದ ನಾಲ್ಕೈದು ಅಜ್ಜಿಯಂದಿರು ಗಡಬಡಿಸಿ ಎದ್ದು ಅಕ್ಷತೆ ಎಸೆದುಬಿಟ್ಟರು. ಧಾರೆಗೆ ಇನ್ನೂ ಹೊತ್ತಿತ್ತು. ಪುರೋಹಿತರು ಕಣ್ಣು ಕೆಕ್ಕರಿಸಿ ನೋಡುತ್ತಿದ್ದರೆ ಪೊರ್ಬುಗಳು ನನ್ನ ಪಕ್ಕದ ಕುರ್ಚಿಯಲ್ಲಿ ಕುಳಿತು ಮೆಲ್ಲಗೆ, "ಹಾಲ್ ಸ್ವಲ್ಪ ಗಲಾಟೆಯದ್ದು ಟೀಚರೇ. ಹಿಂದೆ ಕೂತವರಿಗೆ ಮಂತ್ರ ಎರಡೆರಡು ಸಲ ಕೇಳ್ತದೆ" ಎಂದರು.

ನಾವು ತುಳುವರು ಕೊಂಕಣಿ ಮಾತನಾಡುವ ಕ್ರೈಸ್ತ ಹಿರಿಯರನ್ನು ಪೊರ್ಬುಗಳು ಎನ್ನುತ್ತೇವೆ, ಅವರ ಹೆಂಗಸರನ್ನು ಬಾಯಮ್ಮ ಎನ್ನುತ್ತೇವೆ. ಹಿಲರಿ ಪೊರ್ಬುಗಳು ಮಸ್ಕತ್‌ನಲ್ಲಿ ಬಹಳ ವರ್ಷ ದುಡಿದು ಉದ್ಯಾವರಕ್ಕೆ ಹಿಂತಿರುಗಿದವರು. ದೊಡ್ಡ ದೊಡ್ಡ ಕಟ್ಟಡಗಳಲ್ಲಿ ಏಸಿಯ ತಗಡಿನ ಡಕ್ಟ್ ಜೋಡಿಸುವುದು ಅವರ ಕೆಲಸವಾಗಿತ್ತು. ಅದರೊಳಗೆ ಗಾಳಿ ಹರಿಯುವಾಗ ಏಳುವ ಭೋರ್ಗರೆತವನ್ನು ತಗ್ಗಿಸಿ, ಕೆಳಗೆ ಮಲಗಿದವರಿಗೆ ನಿದ್ದೆ ಬರುವಂತೆ ಮಾಡಬೇಕಿತ್ತು. "ನನಗೆ ಸಂಬಳ ಸಿಕ್ಕಿದ್ದು ಸದ್ದು ಮಾಡಿದ್ದಕ್ಕಲ್ಲ, ಸದ್ದು ತೆಗೆದದ್ದಕ್ಕೆ" ಎನ್ನುತ್ತಿದ್ದರು. ಊರಿಗೆ ಬಂದ ಮೇಲೆ ಮನೆಯ ಮುಂದಿನ ಕೋಣೆಯಲ್ಲಿ ಒಂದು ಆಂಪ್ಲಿಫೈಯರ್, ಎರಡು ಎತ್ತರದ ಸ್ಪೀಕರ್, ಎದುರಿಗೆ ಒಂದು ಬೆತ್ತದ ಕುರ್ಚಿ ಇಟ್ಟುಕೊಂಡರು. ಆ ಕುರ್ಚಿಯಲ್ಲಿ ಕುಳಿತು ಕೇಳುವುದನ್ನು ಅವರು ಕೆಲಸವೆಂದೇ ತಿಳಿದಿದ್ದರು.

ನನಗೆ ಅವರು ಸಿಕ್ಕಿದ್ದು ಯೂಟ್ಯೂಬಿನಲ್ಲಿ. ನಾನು ಕಾಪುವಿನ ಒಂದು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವಳು, ವಾಸ ಕಟಪಾಡಿ. ಮನೆಗೊಂದು ಒಳ್ಳೆಯ ಸ್ಟೀರಿಯೊ ಬೇಕೆಂದು ಆಸೆಯಾಗಿ ಹುಡುಕುತ್ತಿದ್ದೆ. ಯಾರ್ಯಾರೋ ತಮ್ಮ ಮನೆಯ ಸ್ಪೀಕರುಗಳನ್ನು ನುಡಿಸಿ, ಅದನ್ನು ಮೈಕಿನಲ್ಲಿ ಹಿಡಿದು, ಕೇಳಿ ತೀರ್ಪು ಕೊಡಿ ಎಂದು ವಿಡಿಯೊ ಹಾಕುತ್ತಾರೆಂಬುದು ಆಗ ಗೊತ್ತಾಯಿತು. ಅವುಗಳ ನಡುವೆ ಒಂದು ಕನ್ನಡದ್ದು. ಮುಖವಿಲ್ಲ, ಹವಾಯಿ ಚಪ್ಪಲಿ ಹಾಕಿದ ಎರಡು ಪಾದಗಳು, ಅವುಗಳಾಚೆ ಸ್ಪೀಕರುಗಳು. "ನಮಸ್ಕಾರ. ಇವತ್ತು ಎಂತ ಅಂದ್ರೆ, ಕರ್ಟನ್ ಹಾಕಿ ಒಂದು ಸಲ, ಕರ್ಟನ್ ತೆಗೆದು ಒಂದು ಸಲ. ಕೇಳಿದ್ದು ಹೇಳಿ, ಗೊತ್ತಿದ್ದದ್ದು ಹೇಳಬೇಡಿ" ಎಂದು ಒಂದು ಧ್ವನಿ. ಸಂಗೀತ ನಿಂತ ಕ್ಷಣದಲ್ಲಿ ಹಿಂದಿನಿಂದ ಬಸ್ಸಿನ ಹಾರ್ನು, ಕಂಡಕ್ಟರನ "ಕಟಪಾಡಿ, ಕಾಪು, ಪಡುಬಿದ್ರಿ" ಎಂಬ ಕೂಗು ಕೇಳಿತು. ನಾನು ದಿನಾ ಹತ್ತುವ ಬಸ್ಸು. ಕೆಳಗೆ ಬರೆದೆ: ನೀವು ಹೆದ್ದಾರಿಯ ಬದಿಯವರೇ? ಸಂಜೆಯೊಳಗೆ ಉತ್ತರ ಬಂತು: ಉದ್ಯಾವರ. ಚಹಾಕ್ಕೆ ಬನ್ನಿ.

ಹೋದೆ. ಬೆತ್ತದ ಕುರ್ಚಿಯ ಮೇಲೆ ಪೊರ್ಬುಗಳಿರಲಿಲ್ಲ, ಒಂದು ಸ್ಟೂಲು, ಅದರ ಮೇಲೆ ಸಿಪ್ಪೆ ಸುಲಿಯದ ತೆಂಗಿನಕಾಯಿ. ಕಾಯಿಯ ಎರಡು ಪಕ್ಕಗಳಲ್ಲಿ ಬೆರಳುಗುರಿನಷ್ಟು ಚಿಕ್ಕ ಮೈಕುಗಳನ್ನು ಅಂಟಿಸಿದ್ದರು. "ಅದು ನನ್ನ ತಲೆ" ಎಂದರು ಪೊರ್ಬುಗಳು. ಮನುಷ್ಯನ ಎರಡು ಕಿವಿಗಳ ನಡುವೆ ಒಂದು ತಲೆ ಅಡ್ಡ ಇರುತ್ತದಲ್ಲ, ಹಾಗಾಗಿ ಮೈಕುಗಳ ನಡುವೆಯೂ ಒಂದು ತಲೆ ಬೇಕು. ಕಾಯಿಯ ನಾರು ತಲೆಗೂದಲಿನ ಹಾಗೆ ಮೆತ್ತಗಿರುತ್ತದೆ ಎಂದು ವಿವರಿಸಿದರು. ಅವರ ಹೆಂಡತಿ ಸಿಸಿಲಿಯಾ ಬಾಯಮ್ಮ ಚಹಾ ತಂದಿಡುತ್ತಾ, "ಮೊನ್ನೆ ಬಂಗುಡೆ ಸಾರಿಗೆ ಕಾಯಿ ಇರಲಿಲ್ಲ ಟೀಚರ್. ಇವರ ತಲೆ ಒಡೆದು ಕಡೆದೆ" ಎಂದರು. "ಸಾರು ಎಡಕ್ಕೂ ಬಲಕ್ಕೂ ಸಮ ಇತ್ತು" ಎಂದರು ಪೊರ್ಬುಗಳು, ಮುಖದಲ್ಲಿ ನಗುವೇ ಇಲ್ಲದೆ.

ನನಗಿದ್ದ ಸಂಶಯವನ್ನು ಅಂದೇ ಕೇಳಿದೆ. ನಿಮ್ಮ ಸ್ಪೀಕರಿನ ಸದ್ದು ಮೈಕಿಗೆ ಹೋಗಿ, ಅಲ್ಲಿಂದ ಫೋನಿಗೆ ಹೋಗಿ, ನಾನು ನನ್ನ ಇಯರ್‌ಫೋನಿನಲ್ಲಿ ಕೇಳಿದರೆ ಅದು ನಿಮ್ಮ ಸ್ಪೀಕರಿನ ಸದ್ದು ಹೇಗಾಗುತ್ತದೆ? ಈ ಪ್ರಶ್ನೆಯನ್ನು ಅವರು ಸಾವಿರ ಸಲ ಎದುರಿಸಿದ್ದಿರಬೇಕು. ಬೇಸರಿಸಲಿಲ್ಲ.

"ಸೀರೆಯ ಫೋಟೊ ನೋಡ್ತೀರಲ್ಲ ಟೀಚರೇ. ಫೋಟೊದಲ್ಲಿ ಕಾಣುವ ಕೆಂಪು ಸೀರೆಯ ಕೆಂಪು ಅಲ್ಲ. ಆದ್ರೆ ಒಂದೇ ಬೆಳಕಿನಲ್ಲಿ ಎರಡು ಸೀರೆ ಇಟ್ಟು ಫೋಟೊ ತೆಗೆದ್ರೆ ಯಾವುದು ಜಾಸ್ತಿ ಕೆಂಪು ಅಂತ ಗೊತ್ತಾಗ್ತದಾ ಇಲ್ವಾ? ಅಷ್ಟೇ ನಾನು ಕೊಡುದು. ಸೀರೆ ಕೊಡ್ಲಿಕ್ಕೆ ನನ್ನಿಂದ ಆಗುದಿಲ್ಲ."

ಆದರೆ ಸೀರೆಯನ್ನೇ ಒಮ್ಮೆ ಕಣ್ಣಾರೆ ಕಂಡಿರಬೇಕೆಂಬ ಹಟ ಅವರಿಗಿತ್ತು. ಮೂಲ ಸದ್ದು ಹೇಗಿತ್ತೆಂದು ತಿಳಿಯದವನು ತನ್ನ ಸ್ಟೀರಿಯೊ ಸರಿ ಎಂದು ಯಾವ ಬಾಯಿಯಲ್ಲಿ ಹೇಳಬೇಕು? ಅದಕ್ಕಾಗಿ ಅವರು ಕಾರ್ಕಳದ ವಾಸು ಶೇರಿಗಾರರನ್ನು ಹಿಡಿದರು. ಶೇರಿಗಾರರು ದೇವಸ್ಥಾನಗಳಲ್ಲಿ ಸ್ಯಾಕ್ಸೊಫೋನ್ ನುಡಿಸುವವರು. ಒಂದು ಭಾನುವಾರ ಪೊರ್ಬುಗಳ ಜೊತೆ ನಾನೂ ಹೋದೆ. ಮೂರು ಕಡೆ ಚಪ್ಪಾಳೆ ತಟ್ಟಿ, ಎರಡನ್ನು ಬೇಡವೆಂದು, ಕೊನೆಗೆ ಮರದ ಮುಚ್ಚಿಗೆಯಿದ್ದ ಒಂದು ಹಳೆಯ ಶಾಲೆಯ ಕೊಠಡಿಯನ್ನು ಒಪ್ಪಿಕೊಂಡರು. ಶೇರಿಗಾರರು ಮೋಹನ ರಾಗವನ್ನು ಆಲಾಪನೆ ಮಾಡಿದರು. ಪೊರ್ಬುಗಳು ತೆಂಗಿನಕಾಯಿಯ ಹಿಂದೆ ಅದರಷ್ಟೇ ಎತ್ತರಕ್ಕೆ ಬಗ್ಗಿ, ಕಣ್ಣು ಮುಚ್ಚಿ ನಿಂತಿದ್ದರು. ಮುಗಿದ ಮೇಲೆ, "ಶೇರಿಗಾರ್ರೇ, ನೀವು ಸ್ವರ ಹಿಡಿಯುವ ಮೊದಲು ಬಾಯಿಗಿಡುವ ಆ ರೀಡಿನಲ್ಲಿ ಒಂದು ಉಸಿರು ಒರಸಿದ ಹಾಗೆ ಕೇಳ್ತದಲ್ಲ, ಅದು ನನ್ನ ಕೋಣೆಯಲ್ಲಿ ಕೇಳಿದ್ರೆ ನಾನು ಗೆದ್ದೆ" ಎಂದರು. ಶೇರಿಗಾರರಿಗೆ ಸಂಕೋಚವಾಯಿತು. "ಅದು ಕೇಳಬಾರದು ಅಂತ ನಾವು ಕಷ್ಟ ಪಡುದು ಪೊರ್ಬುಗಳೇ" ಎಂದರು.

ಅಂದು ಮೈಕಿನಲ್ಲಿ ಹಿಡಿದಿಟ್ಟ ಆ ಮೋಹನವೇ ಅವರ ಅಳತೆಗೋಲಾಯಿತು. ಯಾವ ಸ್ಪೀಕರ್ ಬಂದರೂ ಮೊದಲು ಅದು. ಜನ ದೂರದ ಊರುಗಳಿಂದ ಕೇಳಿದರು, ಕೆಲವರು ತಮ್ಮ ಸ್ಪೀಕರುಗಳನ್ನೇ ಹೊತ್ತು ತಂದರು. ಪೊರ್ಬುಗಳು ಹೊಗಳುವಾಗ ಜಿಪುಣರು. "ಸೆಟ್ ಒಳ್ಳೇದಾದ್ರೆ ಐದು ನಿಮಿಷದಲ್ಲಿ ಅದನ್ನು ಮರೆತುಬಿಡ್ತೀರಿ. ಮರೆಯದಿದ್ರೆ ಎಂತದೋ ತೊಂದರೆ ಉಂಟು" ಎನ್ನುತ್ತಿದ್ದರು. ಅವರು ಒಳ್ಳೆಯದೆಂದದ್ದನ್ನು ನಾನು ಕೊಂಡೆ. ಇವತ್ತಿಗೂ ಅದೇ ನನ್ನ ಮನೆಯಲ್ಲಿದೆ, ನಾನದನ್ನು ಮರೆತೇ ಕೇಳುತ್ತೇನೆ.

ಕಾಪುವಿನಲ್ಲಿ ಫೋಟೊ ಸ್ಟುಡಿಯೊ ಇಟ್ಟಿದ್ದ ಯಾದವ ಒಂದು ದಿನ ರಿಕ್ಷಾದಲ್ಲಿ ಎರಡು ಸ್ಪೀಕರ್ ತಂದಿಳಿಸಿದ. ಹಲಸಿನ ಹಲಗೆಯಿಂದ ಪೆಟ್ಟಿಗೆಗಳನ್ನು ತಾನೇ ಮಾಡಿದ್ದ. ಎಣ್ಣೆ ಹಚ್ಚಿ ಉಜ್ಜಿದ ಮರ ಜೇನಿನ ಬಣ್ಣಕ್ಕೆ ಹೊಳೆಯುತ್ತಿತ್ತು. ಒಂದು ಮಳೆಗಾಲ ಪೂರ್ತಿ ಅದರದ್ದೇ ಕೆಲಸವಂತೆ. ಪೊರ್ಬುಗಳು ಮೋಹನ ಹಾಕಿದರು, ಕುರ್ಚಿಯಲ್ಲಿ ಕುಳಿತರು, ಬಹಳ ಹೊತ್ತು ಕೇಳಿದರು. ಆಮೇಲೆ ವಿಡಿಯೊದಲ್ಲಿ ಎಂದಿನ ಧ್ವನಿಯಲ್ಲೇ ಹೇಳಿದರು: "ಮರದ ಕೆಲಸ ಒಳ್ಳೇದುಂಟು. ಸದ್ದು ಮಂಕು. ಕಂಬಳಿ ಹೊದ್ದು ಮಾತಾಡಿದ ಹಾಗೆ. ಶೇರಿಗಾರ್ರ ಉಸಿರು ಇದರಲ್ಲಿ ಇಲ್ಲ." ಯಾದವ ಸ್ಪೀಕರುಗಳನ್ನು ವಾಪಸು ತೆಗೆದುಕೊಂಡು ಹೋದ. ನಾನು ಅಂದು ಅಲ್ಲಿರಲಿಲ್ಲ. ವಿಡಿಯೊ ನೋಡಿದಾಗ ಮನಸ್ಸಿಗೆ ಏನೋ ಚುಚ್ಚಿತು, ಏಕೆಂದರೆ ನನ್ನ ಇಯರ್‌ಫೋನಿನಲ್ಲಿ ಆ ಉಸಿರು ಇತ್ತು.

ಕೆಲವು ವಾರಗಳಲ್ಲೇ ವಿಡಿಯೊಗಳ ಕೆಳಗೆ ಹೊನ್ನಾವರದ ಒಬ್ಬ ಹಳೆಯ ಕೇಳುಗರು ಬರೆಯತೊಡಗಿದರು. ಪೊರ್ಬುಗಳೇ, ಇತ್ತೀಚೆಗೆ ನಿಮ್ಮ ಕೋಣೆ ಕಿವಿಗೆ ಚುಚ್ಚುತ್ತಿದೆ, ಏನು ಬದಲಿಸಿದಿರಿ? ಏನೂ ಬದಲಿಸಿಲ್ಲ, ನಿಮ್ಮ ಇಯರ್‌ಫೋನ್ ನೋಡಿ ಎಂದು ಇವರ ಉತ್ತರ. ಮತ್ತೊಬ್ಬರೂ ಹಾಗೇ ಬರೆದರು. ಅವರಿಗೂ ಅದೇ ಉತ್ತರ, ಸ್ವಲ್ಪ ಖಾರವಾಗಿ. ಆದರೆ ಬದಲಾದದ್ದು ನನಗೆ ಕಣ್ಣಿಗೇ ಕಾಣುತ್ತಿತ್ತು. ಕರ್ಟನ್ ಹೋಗಿತ್ತು. ನೆಲದ ಚಾಪೆ ಹೋಗಿತ್ತು. ಸ್ಪೀಕರುಗಳು ಕುರ್ಚಿಯತ್ತ ನೇರ ಮುಖ ಮಾಡಿ ನಿಂತಿದ್ದವು. ಆಂಪ್ಲಿಫೈಯರಿನಲ್ಲಿ ಮೇಲಿನ ಸದ್ದನ್ನು ಏರಿಸುವ ಟ್ರೆಬಲ್ಲಿನ ತಿರುಗಣೆ, ಅವರು ಎಂದೂ ಮುಟ್ಟಬಾರದೆನ್ನುತ್ತಿದ್ದದ್ದು, ಬಲಕ್ಕೆ ವಾಲಿತ್ತು.

ಮನೆಯಲ್ಲಿ ಕುಳಿತು ಮೊದಲ ವರ್ಷದ ಮೋಹನವನ್ನೂ ಆ ತಿಂಗಳ ಮೋಹನವನ್ನೂ ಒಂದರ ಹಿಂದೊಂದು ಕೇಳಿದೆ. ಅದೇ ಸ್ಪೀಕರ್, ಅದೇ ಕೋಣೆ. ಮೊದಲನೆಯದರಲ್ಲಿ ಶೇರಿಗಾರರು ನುಡಿಸುತ್ತಿದ್ದರು. ಎರಡನೆಯದರಲ್ಲಿ ಯಾರೋ ತಗಡು ಕೊಯ್ಯುತ್ತಿದ್ದರು.

ಸಿಸಿಲಿಯಾ ಬಾಯಮ್ಮನ ಹತ್ತಿರ ಹೇಳೋಣವೆಂದು ಅಡುಗೆಮನೆಗೆ ಹೋದರೆ ಅವರಿಗೆ ಆಶ್ಚರ್ಯವೇ ಆಗಲಿಲ್ಲ. ಮೀನು ತೊಳೆಯುತ್ತಿದ್ದ ಕೈಯನ್ನು ನಿಲ್ಲಿಸಿ, "ಮೊನ್ನೆ ಸಂಜೆ ಜಗಲಿಯಲ್ಲಿ ಕೂತಿದ್ದೆವು" ಎಂದರು. "ಗದ್ದೆಗೆಲ್ಲ ಮಣ್ಣು ತುಂಬಿಸಿ ಮನೆ ಕಟ್ಟಿದ್ರು, ಈಗ ಜೀರುಂಡೆಯೇ ಇಲ್ಲ ಅಂತ ಹೇಳಿದ್ರು ಇವರು. ಟೀಚರ್, ನನಗೆ ಕೇಳ್ತಾ ಇತ್ತು. ಕಿವಿ ಒಡೆಯುವಷ್ಟು ಕೂಗ್ತಾ ಇತ್ತು."

"ನೀವು ಏನು ಹೇಳಿದಿರಿ?"

"ಹೌದು, ಇಲ್ಲ ಅಂದೆ. ಮತ್ತೆ ಎಂತ ಹೇಳುದು?"

ಇಬ್ಬರೂ ಮುಂದಿನ ಕೋಣೆಗೆ ಬಂದೆವು. ನನಗೆ ಹೇಗೆ ಶುರು ಮಾಡುವುದೆಂದು ತಿಳಿಯಲಿಲ್ಲ. "ಪೊರ್ಬುಗಳೇ, ಕೇಳಿದ್ದು ಹೇಳಬೇಕು ಅಂತ ನೀವೇ ಕಲಿಸಿದ್ದು. ಈ ಎರಡನ್ನು ಒಮ್ಮೆ ಕೇಳಿ" ಎಂದು ಹೆಡ್‌ಫೋನ್ ಕೊಟ್ಟೆ. ಅವರು ಮೊದಲನೆಯದನ್ನು ಕೇಳಿದರು, ಎರಡನೆಯದನ್ನು ಕೇಳಿದರು. ಮತ್ತೊಮ್ಮೆ ಮೊದಲನೆಯದನ್ನು ಹಾಕಲು ಹೇಳಿದರು. ಹೆಡ್‌ಫೋನ್ ತೆಗೆದು, "ಎರಡೂ ಒಂದೇ ಅಲ್ವಾ? ಎರಡನೆಯದ್ದು ಒಂಚೂರು ಬಿಚ್ಚಿಕೊಂಡಿದೆ" ಎಂದರು. ಹಾಗೆನ್ನುತ್ತಾ ನಮ್ಮಿಬ್ಬರ ಮುಖ ನೋಡಿದರು. ಮೊದಲು ನನ್ನದು, ಆಮೇಲೆ ಹೆಂಡತಿಯದು. ಬಾಯಮ್ಮ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಲೇ ಇದ್ದರು, ಕೈ ಆಗಲೇ ಒಣಗಿತ್ತು. ಪೊರ್ಬುಗಳು ಹೆಡ್‌ಫೋನನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. "ಎಷ್ಟು ಸಮಯ ಆಯ್ತು?" ಎಂದು ಕೇಳಿದರು. 

ಮಣಿಪಾಲದ ಆಸ್ಪತ್ರೆಗೆ ನಾನೂ ಜೊತೆಗೆ ಹೋದೆ. ಕಿವಿ ಪರೀಕ್ಷಿಸುವ ಕೋಣೆ ಗಾಜಿನ ಕಿಟಕಿಯ ಪುಟ್ಟ ಪೆಟ್ಟಿಗೆಯಂತಿತ್ತು. ಒಳಗೆ ಕಾಲಿಟ್ಟೊಡನೆ ಪೊರ್ಬುಗಳು ಚಪ್ಪಾಳೆ ತಟ್ಟಿದರು. ಗೋಡೆಗಳು ಅದನ್ನು ನುಂಗಿಬಿಟ್ಟವು. "ಒಳ್ಳೇ ಕೋಣೆ ಮಗಾ" ಎಂದು ಪರೀಕ್ಷಕಿ ಹುಡುಗಿಗೆ ಹೇಳಿ ಕುಳಿತರು. ಸದ್ದು ಕೇಳಿದಾಗ ಗುಂಡಿ ಒತ್ತಬೇಕು. ಶುರುವಿನಲ್ಲಿ ಅವರ ಬೆರಳು ಚುರುಕಾಗಿ ಒತ್ತುತ್ತಿತ್ತು. ಆಮೇಲೆ ನಿಧಾನವಾಯಿತು. ಆಮೇಲೆ ಕಣ್ಣು ಮುಚ್ಚಿ, ಹುಬ್ಬು ಗಂಟಿಕ್ಕಿ, ಗುಂಡಿಯ ಮೇಲೆ ಬೆರಳಿಟ್ಟು ಅವರು ಸುಮ್ಮನೆ ಕುಳಿತೇ ಇದ್ದರು. ಹೊರಗೆ ಯಂತ್ರದ ದೀಪ ಹತ್ತುತ್ತಿತ್ತು, ಆರುತ್ತಿತ್ತು. ಬಾಯಮ್ಮ ಗಾಜಿಗೆ ಬೆನ್ನು ಹಾಕಿ ನಿಂತರು.

ವಯಸ್ಸು, ಜೊತೆಗೆ ತಗಡಿನ ನಡುವೆ ಕಳೆದ ವರ್ಷಗಳು. ಮೇಲಿನ ಸ್ವರಗಳು ಎರಡೂ ಕಿವಿಗಳಲ್ಲಿ ಹೋಗಿದ್ದವು.

"ಹಿಂದೆ ಬರ್ತದಾ ಮಗಾ?"

"ಇಲ್ಲ ಅಂಕಲ್. ಯಂತ್ರ ಹಾಕಿದ್ರೆ ಮಾತು ಸ್ಪಷ್ಟ ಆಗ್ತದೆ."

"ಸಂಗೀತ?"

ಆ ಹುಡುಗಿ ಸುಳ್ಳು ಹೇಳಲಿಲ್ಲ. "ಕೇಳ್ತದೆ ಅಂಕಲ್. ಮೊದಲಿನ ಹಾಗೆ ಅಂತ ನಾನು ಹೇಳುದಿಲ್ಲ" ಎಂದಳು.

ಬಸ್ಸಿನಲ್ಲಿ ಬರುವಾಗ ಅವರು ಕಿಟಕಿಯ ಬದಿಯಲ್ಲಿ ಕುಳಿತಿದ್ದರು. ನಾನು ಸಮಾಧಾನದ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೆ. ಉಡುಪಿ ದಾಟಿದ ಮೇಲೆ ಅವರು ತಟ್ಟನೆ ನನ್ನತ್ತ ತಿರುಗಿ, "ಯಾದವನ ಸ್ಪೀಕರಿಗೆ ನಾನು ಎಂತ ಹೇಳಿದೆ ಟೀಚರೇ?" ಎಂದು ಕೇಳಿದರು. ತಮ್ಮ ಕಿವಿ ಹೋದ ದಿನ ಅವರು ಚಿಂತಿಸಿದ್ದು ಇನ್ನೊಬ್ಬನ ಪೆಟ್ಟಿಗೆಯ ಬಗ್ಗೆ.

ಮರುದಿನವೇ ವಿಡಿಯೊ ಮಾಡಿದರು. ಈ ಸಲ ಪಾದಗಳಲ್ಲ, ಮುಖವಿತ್ತು. ಇಸ್ತ್ರಿ ಹಾಕಿದ ಅಂಗಿ, ಚರ್ಚಿನ ಪೂಜೆಗೆ ಹೊರಟವರ ಹಾಗೆ ಬಾಚಿದ ತಲೆ. "ನಮಸ್ಕಾರ. ಇವತ್ತು ಸ್ಪೀಕರ್ ಇಲ್ಲ. ನನ್ನ ಕಿವಿಯ ವಿಷಯ. ನನಗೆ ಮೇಲಿನ ಸದ್ದು ಕೇಳುದಿಲ್ಲ ಅಂತ ನಿನ್ನೆ ಗೊತ್ತಾಯ್ತು. ಕೇಳದ್ದನ್ನು ಕೇಳಿಸ್ಲಿಕ್ಕೆ ನಾನು ಎಲ್ಲ ಜಾಸ್ತಿ ಮಾಡ್ತಾ ಹೋದೆ. ನೀವು ಹೇಳಿದಾಗ ನಿಮಗೇ ಬೈದೆ. ಸ್ವಲ್ಪ ಸಮಯದಿಂದ ನಾನು ಹೇಳಿದ್ದನ್ನು ನಂಬಬೇಡಿ. ಹೊನ್ನಾವರದವರೇ, ನಿಮ್ಮ ಇಯರ್‌ಫೋನ್ ಸರಿ ಉಂಟು." ಅಷ್ಟೇ ಹೇಳಿ, ಕೈ ಚಾಚಿ ಕ್ಯಾಮೆರಾ ನಿಲ್ಲಿಸಿದರು. ಕೆಳಗೆ ಹೊನ್ನಾವರದವರು ಬರೆದಿದ್ದರು: ನಿಮ್ಮ ಹಳೆಯ ವಿಡಿಯೊಗಳನ್ನು ಕೇಳಿ ಕೇಳಿಯೇ ಹೊಸದರಲ್ಲಿ ತಪ್ಪಿದೆಯೆಂದು ನನಗೆ ಗೊತ್ತಾದದ್ದು. ಈ ಕಿವಿಯನ್ನು ತಯಾರು ಮಾಡಿದವರು ನೀವೇ. ಬಾಯಮ್ಮ ಅದನ್ನು ಗಟ್ಟಿಯಾಗಿ ಓದಿ ಹೇಳಿದರು. ಪೊರ್ಬುಗಳು ಇನ್ನೊಮ್ಮೆ ಓದಿಸಿದರು.

ಆ ಶನಿವಾರ ನಾವು ಮೂವರೂ ಕಾಪುವಿಗೆ ಹೋದೆವು. ಸ್ಟುಡಿಯೊದ ಅಟ್ಟದ ಮೇಲೆ ಸ್ಪೀಕರುಗಳು ಹಳೆಯ ಬ್ಯಾನರುಗಳ ಕೆಳಗೆ ಬಿದ್ದಿದ್ದವು. ಪೊರ್ಬುಗಳು, "ತಪ್ಪು ನಿನ್ನ ಪೆಟ್ಟಿಗೆಯದ್ದಲ್ಲ ಯಾದವ, ನನ್ನದು" ಎಂದರು. ಯಾದವ ವಿಡಿಯೊ ನೋಡಿದ್ದ. ಅವನಿಗೆ ಸಿಟ್ಟಿರಲಿಲ್ಲ, ಅದೇ ನನಗೆ ಹೆಚ್ಚು ಕಷ್ಟವೆನಿಸಿತು. "ನೀವು ಮಂಕು ಅಂದ ಮೇಲೆ ನನಗೂ ಮಂಕೇ ಕೇಳ್ಲಿಕ್ಕೆ ಸುರು ಆಯ್ತು ಪೊರ್ಬುಗಳೇ" ಎಂದ. "ಅದಕ್ಕಿಂತ ಮೊದಲು ಚಂದ ಕೇಳ್ತಿತ್ತು."

ಪೊರ್ಬುಗಳು ತಾವೇ ಅಟ್ಟಕ್ಕೆ ಹತ್ತಲು ಏಣಿ ಹಿಡಿದರು. ಬೇಡವೆಂದರೂ ಕೇಳದೆ ಎರಡೂ ಸ್ಪೀಕರುಗಳನ್ನು ಯಾದವನ ಜೊತೆ ಇಳಿಸಿದರು.

ಉದ್ಯಾವರದ ಕೋಣೆಗೆ ಕರ್ಟನ್, ಚಾಪೆ ಮರಳಿ ಬಂದವು, ಜೊತೆಗೆ ಯಾದವನೂ ಅವನ ಪೆಟ್ಟಿಗೆಗಳೂ. ಬೆತ್ತದ ಕುರ್ಚಿಯಲ್ಲಿ ಬಾಯಮ್ಮನನ್ನು ಕೂರಿಸಿದರು. "ನನಗೆ ಇದೆಲ್ಲ ಎಂತ ಗೊತ್ತುಂಟು?" ಎಂದು ಅವರು ಏಳಹೊರಟರೆ, "ಗೊತ್ತಿದ್ದದ್ದು ಬೇಡ" ಎಂದು ಭುಜ ಒತ್ತಿದರು. ಹಲಸಿನ ಪೆಟ್ಟಿಗೆಗಳಲ್ಲಿ ಮೋಹನ ಶುರುವಾಯಿತು. ಬಾಯಮ್ಮ ತೊಡೆಯ ಮೇಲೆ ಕೈಯಿಟ್ಟು ಇಗರ್ಜಿಯಲ್ಲಿ ಪೂಜೆಗೆ ಕುಳಿತ ಹಾಗೆ ಕುಳಿತು ಕೇಳಿದರು. "ನಮ್ಮ ದೊಡ್ಡ ಸ್ಪೀಕರಿನಲ್ಲಿ ಆ ಜನ ದೂರ ಸ್ಟೇಜಿನಲ್ಲಿ ಇರ್ತಾರೆ. ಇದರಲ್ಲಿ ನಮ್ಮ ಜಗಲಿಯಲ್ಲಿ ಕೂತಿದ್ದಾರೆ. ಬಾಯಿ ಇಡುವ ಮೊದಲು ಎಂತದೋ ಸುಂಯ್ ಅಂತದೆ" ಎಂದರು. ಪೊರ್ಬುಗಳು ಯಾದವನತ್ತ ತಿರುಗಿದರು. "ಉಸಿರು ಉಂಟಂತೆ" ಎಂದರು. ಯಾದವ ಮುಖ ಆಚೆ ತಿರುಗಿಸಿಕೊಂಡು ವಯರು ಸುತ್ತತೊಡಗಿದ.

ಅನಂತರದ ವಿಡಿಯೊಗಳಲ್ಲಿ ಎರಡು ಜೊತೆ ಪಾದಗಳಿರುತ್ತಿದ್ದವು. "ಕೇಳುವುದು ಸಿಸಿಲಿಯಾ. ನಾನು ವಯರು ಜೋಡಿಸುವವನು" ಎಂದು ಪೊರ್ಬುಗಳ ಪೀಠಿಕೆ. ಬಾಯಮ್ಮನ ತೀರ್ಪುಗಳು ನಿಘಂಟಿನಲ್ಲಿಲ್ಲದ ಜಾತಿಯವು. ಒಂದು ಸ್ಪೀಕರಿನಲ್ಲಿ ಹಾಡುಗಾತಿಗೆ ನೆಗಡಿಯಾಗಿತ್ತು, ಇನ್ನೊಂದರಲ್ಲಿ ತಬಲಾದವನು ಊಟ ಮಾಡಿರಲಿಲ್ಲ. ಜನಕ್ಕೆ ಅದೇ ಹಿಡಿಸಿತು. ಪೊರ್ಬುಗಳು ಕಿವಿಯ ಯಂತ್ರ ಹಾಕಿಕೊಂಡರು, ಮಾತಿಗೆ ಮಾತ್ರ. ಸಂಗೀತ ಹಾಕುವಾಗ ತೆಗೆದು ಜೇಬಿಗಿಡುತ್ತಿದ್ದರು. ಹಾಗಾದರೆ ಆಗ ನೀವೇನು ಮಾಡುತ್ತೀರೆಂದು ಒಮ್ಮೆ ಕೇಳಿದೆ. "ಅವಳ ಮುಖ ನೋಡ್ತೇನೆ" ಎಂದರು. "ಒಳ್ಳೇ ಜಾಗ ಬಂದಾಗ ಗೊತ್ತಾಗ್ತದೆ. ಇಷ್ಟು ವರ್ಷ ಮದುವೆಯಾಗಿ ನಾನು ಇವಳನ್ನು ಇಷ್ಟು ಹೊತ್ತು ನೋಡಿರಲಿಲ್ಲ ಮಾರಾಯ್ರೆ."

ನಾನು ಅವರನ್ನು ಕೊನೆಯ ಸಲ ಕಂಡದ್ದು ಕಟಪಾಡಿಯ ಮೀನು ಮಾರ್ಕೆಟಿನ ಹೊರಗೆ. ಯಾರೋ ಹೊಸ ಸ್ಪೀಕರ್ ಕಳಿಸಿದ್ದಾರೆ, ಭಾನುವಾರ ಬನ್ನಿ ಎಂದರು. ಭಾನುವಾರ ಬರುವ ಮೊದಲೇ, ಒಂದು ಬೆಳಿಗ್ಗೆ, ಪೇಪರು ಹಿಡಿದು ಜಗಲಿಯಲ್ಲಿ ಕುಳಿತವರು ಏಳಲಿಲ್ಲ.

ಮಣ್ಣು ಮುಗಿದು ಜನ ಮನೆಗೆ ಹಿಂತಿರುಗಿದ ಮೇಲೆ ಕಾರ್ಕಳದ ಬಸ್ಸಿಳಿದು ವಾಸು ಶೇರಿಗಾರರು ಬಂದರು. ಸುದ್ದಿ ಅವರಿಗೆ ತಡವಾಗಿ ತಲುಪಿತ್ತು. ಉದ್ಯಾವರಕ್ಕೆ ಅವರು ಹಿಂದೆಯೂ ಒಂದೆರಡು ಸಲ ಬಂದದ್ದುಂಟು, ಆದರೆ ವಾದ್ಯ ತಂದಿರಲಿಲ್ಲ. ಈ ಸಲ ಪೆಟ್ಟಿಗೆ ಕೈಯಲ್ಲಿತ್ತು. ಅಂಗಳದಲ್ಲೇ ನಿಂತು, "ಬಾಯಮ್ಮ, ಒಂದು ಸ್ವಲ್ಪ ಊದಬಹುದಾ?" ಎಂದು ಕೇಳಿದರು. ಬಾಯಮ್ಮ ತಲೆಯಾಡಿಸಿದರು.

ಜಗಲಿಯ ಬೆಂಚಿನ ತುದಿಯಲ್ಲಿ ಕುಳಿತು ಅವರು ಮೋಹನವನ್ನೇ ಎತ್ತಿಕೊಂಡರು. ಅಂಗಳದಲ್ಲಿ ನಿಂತಿದ್ದವರ ಮಾತು ನಿಂತಿತು. ಕಪ್ಪು ಸೀರೆಯುಟ್ಟ ಬಾಯಮ್ಮ ಬಾಗಿಲ ಬಳಿ ಕುಳಿತಿದ್ದರು. ಎಷ್ಟೋ ಸಾವಿರ ಸಲ ಕೇಳಿ ಸ್ವರ ಸ್ವರವೂ ಗೊತ್ತಿದ್ದದ್ದನ್ನು ಅವರು ಮೊದಲ ಬಾರಿ ಎದುರಿನಲ್ಲಿ ಕೇಳುತ್ತಿದ್ದರು. ನಾನು ಪಕ್ಕದಲ್ಲಿದ್ದೆ. ಅವರು ನನ್ನ ಕೈ ಹಿಡಿದು, ಕಣ್ಣನ್ನು ಶೇರಿಗಾರರ ಮೇಲಿಂದ ತೆಗೆಯದೆ, "ಇದನ್ನಾ ಟೀಚರ್ ಅವರು ಆ ಕೋಣೆಗೆ ತರ್ಲಿಕ್ಕೆ ನೋಡಿದ್ದು?" ಎಂದರು.

ಹೌದೆಂದೆ.

ಅವರು ಮತ್ತೂ ಸ್ವಲ್ಪ ಹೊತ್ತು ಕೇಳಿದರು. ಶೇರಿಗಾರರು ಉಸಿರು ತೆಗೆದುಕೊಂಡು ಮೇಲಿನ ಷಡ್ಜದ ಕಡೆಗೆ ಹೊರಟಿದ್ದರು.

"ಹತ್ತಿರ ಬಂದಿದ್ರು" ಎಂದರು ಬಾಯಮ್ಮ. "ಪೂರ್ತಿ ಅಲ್ಲ. ಆದ್ರೆ ತುಂಬಾ ಹತ್ತಿರ ಬಂದಿದ್ರು."